ಮಗು ಬಾಯಿ ಬಿಡ್ತಿಲ್ಲ ಅಂತ ಗಾಬರಿ ಬೇಡ

ಪ್ರವಾಹವೋ ಭೂಕಂಪವೋ ಆದ ಮೇಲೆ ನನ್ನ ಹತ್ತಿರ ಬರುವ ಅಪ್ಪ ಅಮ್ಮಂದಿರ ಮೊದಲ ಮಾತು ಹೆಚ್ಚುಕಮ್ಮಿ ಒಂದೇ: "ಆ ದಿನದ ಬಗ್ಗೆ ಬಾಯಿಯೇ ಬಿಡ್ತಿಲ್ಲ. ನೀವಾದರೂ ಮಾತಾಡಿಸಿ." ಅತ್ತುಬಿಟ್ಟರೆ ಮನಸ್ಸು ಹಗುರಾಗುತ್ತೆ ಅನ್ನೋ ಲೆಕ್ಕ.

ನಾನು ಬಲವಂತವಾಗಿ ಮಾತಾಡಿಸುವುದಿಲ್ಲ. ದುರಂತ ಆದ ತಕ್ಷಣ ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿಸುವ ಪದ್ಧತಿ ಒಂದು ಕಾಲದಲ್ಲಿ ಜೋರಾಗಿತ್ತು. ಅದರಿಂದ ಲಾಭವೇನೂ ಕಾಣಲಿಲ್ಲ, ವಿಶ್ವ ಆರೋಗ್ಯ ಸಂಸ್ಥೆಯೇ ಅದು ಬೇಡ ಅಂದಿದೆ. ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಮೂರೇ ಕೆಲಸ: ನೋಡಿ, ಕೇಳಿಸಿಕೊಳ್ಳಿ, ಬೇಕಾದ ನೆರವು ಸಿಗುವ ಹಾಗೆ ಮಾಡಿ. ಬಾಯಿ ಬಿಡಿಸಿ ಅನ್ನುವುದು ಅದರಲ್ಲಿಲ್ಲ.

ಅಷ್ಟಕ್ಕೂ ಮಗು ಸುಮ್ಮನಿರುವುದಿಲ್ಲ. ಆಟದಲ್ಲಿ ಹೇಳ್ತಾನೇ ಇರುತ್ತೆ. ಐದು ವರ್ಷದ ಮಗು ಬ್ಲಾಕ್ ಜೋಡಿಸಿ ಮನೆ ಕಟ್ಟುತ್ತೆ, ಒಳಗೆ ಗೊಂಬೆ ಇಡುತ್ತೆ, ಮಗ್ಗಿನಿಂದ ನೀರು ಸುರಿದು ಎಲ್ಲ ಬೀಳಿಸುತ್ತೆ. ಮತ್ತೆ ಕಟ್ಟುತ್ತೆ. ನೋಡುವ ದೊಡ್ಡವರಿಗೆ ಕರುಳು ಕಿವುಚುತ್ತದೆ. "ಬೇರೆ ಏನಾದ್ರೂ ಆಡು" ಅಂತ ಬ್ಲಾಕ್ ಎತ್ತಿಡುತ್ತಾರೆ. ದಯವಿಟ್ಟು ಎತ್ತಿಡಬೇಡಿ. ಅವತ್ತು ನೀರು ಯಾರನ್ನೂ ಕೇಳದೆ ನುಗ್ಗಿತ್ತು. ಇಲ್ಲಿ ಮಗು ಸುರಿದಾಗ ಮಾತ್ರ ಬರುತ್ತೆ. ಪಕ್ಕದಲ್ಲಿ ಕೂತು ನೋಡಿ, ಸಾಕು. ಒಂದು ದಿನ ದೋಣಿ ಬಂತು, ಗೊಂಬೆ ಮಹಡಿ ಹತ್ತಿತು ಅಂತ ಆಟ ಬದಲಾದರೆ ಒಳ್ಳೆಯದು. ವಾರಗಟ್ಟಲೆ ಅದೇ ಆಟ, ಅದೇ ಕೊನೆ, ಆಡಿದ ಮೇಲೆ ಇನ್ನೂ ಜಾಸ್ತಿ ಗಾಬರಿ ಅಂತಾದರೆ ಮೆಲ್ಲಗೆ ಕೇಳಿ: "ಈ ಗೊಂಬೆಗೆ ಸಹಾಯ ಮಾಡೋಕೆ ಯಾರು ಬರಬಹುದು?" ಆಗಲೂ ಜಗ್ಗದಿದ್ದರೆ ತಜ್ಞರಿಗೆ ತೋರಿಸಿ.

ಚಿಕ್ಕ ಮಕ್ಕಳ ತಲೆಯಲ್ಲಿ ಇನ್ನೊಂದು ಯೋಚನೆ ಓಡುತ್ತಿರಬಹುದು. 'ನಾನು ಅಮ್ಮನ ಮಾತು ಕೇಳಲಿಲ್ಲ, ಅದಕ್ಕೇ ಹೀಗಾಯ್ತು.' ಮಗು ಕೇಳದಿದ್ದರೂ ನೀವೇ ಹೇಳಿಬಿಡಿ, ಇದು ನಿನ್ನಿಂದ ಆಗಿದ್ದಲ್ಲ ಅಂತ. ಹಾಸಿಗೆ ಒದ್ದೆ ಮಾಡುವುದು, ಬೆರಳು ಚೀಪುವುದು, ಸೆರಗು ಬಿಡದೆ ಹಿಂದೆಯೇ ಸುತ್ತುವುದು ಕೆಲವು ವಾರ ಇದ್ದದ್ದೇ. ಬೈಯಬೇಡಿ.

"ಇನ್ನು ಯಾವತ್ತೂ ಹೀಗಾಗಲ್ಲ" ಅಂತ ಮಾತು ಕೊಡಲೂಬೇಡಿ. ಮುಂದಿನ ಮಳೆಗೆ ಆ ಮಾತು ಸುಳ್ಳಾದರೆ ನಿಮ್ಮ ಬೇರೆ ಮಾತನ್ನೂ ನಂಬುವುದಿಲ್ಲ. ಬದಲಿಗೆ, ಮಳೆ ಜೋರಾದರೆ ಎಲ್ಲಿಗೆ ಹೋಗ್ತೀವಿ, ಯಾರ ಕೈ ಯಾರು ಹಿಡಿಯೋದು, ಬ್ಯಾಗಲ್ಲಿ ಏನಿಟ್ಟುಕೊಳ್ಳೋದು ಅಂತ ಜೊತೆಯಲ್ಲೇ ಕೂತು ತೀರ್ಮಾನ ಮಾಡಿ.

ಹದಿಹರೆಯದವರ ದಾರಿಯೇ ಬೇರೆ. "ನಂಗೇನಾಗಿಲ್ಲ" ಅಂತಾರೆ, ರಾತ್ರಿ ಎರಡು ಗಂಟೆಗೆ ಮೊಬೈಲಲ್ಲಿ ಅದೇ ದುರಂತದ ವಿಡಿಯೋ ಮತ್ತೆ ಮತ್ತೆ ನೋಡ್ತಿರ್ತಾರೆ. ಸಿಡುಕು, ಒಂಟಿಯಾಗಿ ಕೂರುವುದು, ಗೆಳೆಯ ಹೋದ ನಾನು ಉಳಿದೆ ಅನ್ನುವ ಕೊರಗು. ಇವರಿಗೆ ಎದುರುಬದುರು ಕೂರಿಸಿದ ಮಾತುಕತೆ ಆಗಿಬರುವುದಿಲ್ಲ. ಜೊತೆಗೆ ಕೆಲಸ ಮಾಡುತ್ತಾ ಇದ್ದರೆ ತಾವಾಗಿಯೇ ಒಂದೆರಡು ಮಾತು ಆಡುತ್ತಾರೆ. ಸಾಮಾನು ಹಂಚುವುದು, ಕಿರಿಯರಿಗೆ ಪಾಠ ಹೇಳುವುದು ಅವರಿಗೆ ಬಲ ಕೊಡುತ್ತೆ. ಆದರೆ ಮನೆಯ ಸಾಲದ ಚಿಂತೆಯನ್ನೆಲ್ಲ ಅವರ ಹೆಗಲಿಗೆ ಹಾಕಬೇಡಿ. "ನೀನೇ ಈಗ ಮನೆಗೆ ದಿಕ್ಕು" ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತೆ.

ಊಟ, ನಿದ್ದೆ, ಶಾಲೆ ಆದಷ್ಟು ಬೇಗ ಒಂದು ಹೊತ್ತಿಗೆ ಬರಲಿ. ನಿಮಗೆ ಅಳು ಬಂದರೆ ಮಕ್ಕಳೆದುರು ಅತ್ತರೂ ತಪ್ಪಿಲ್ಲ, ಯಾಕೆ ಅಂತ ಹೇಳಿ. ನಿಮ್ಮ ನಿದ್ದೆಯೇ ಕೆಟ್ಟಿದ್ದರೆ ಮೊದಲು ನೀವು ಸಹಾಯ ತಗೊಳ್ಳಿ.

ಬಹುಪಾಲು ಮಕ್ಕಳು ಚಿಕಿತ್ಸೆ ಇಲ್ಲದೆಯೇ ಚೇತರಿಸಿಕೊಳ್ಳುತ್ತಾರೆ. ಒಂದು ತಿಂಗಳಾದರೂ ಕೆಟ್ಟ ಕನಸು, ಬೆಚ್ಚಿಬೀಳುವುದು, ಶಾಲೆಗೆ ಹೋಗಲಾಗದಷ್ಟು ಭಯ ಉಳಿದಿದ್ದರೆ ಮನೋವೈದ್ಯರಿಗೋ ಆಪ್ತಸಮಾಲೋಚಕರಿಗೋ ತೋರಿಸಿ. ಸಾಯುವ ಮಾತು ಬಂದರೆ ಮಾತ್ರ ತಿಂಗಳು ಕಾಯಬೇಡಿ. ಒಂಟಿಯಾಗಿ ಬಿಡಬೇಡಿ, ಅದೇ ದಿನ ಕರೆದುಕೊಂಡು ಹೋಗಿ. "ಸಾಯಬೇಕು ಅನಿಸ್ತಿದೆಯಾ?" ಅಂತ ನೇರವಾಗಿ ಕೇಳಬಹುದು. ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ.