ಬೀದರ್‌ಗೆ ಬೇಕಿರುವುದು ಸಂಜೆ ಐದರ ಮೇಲಿನ ಕೆಲಸ

ಪ್ರವಾಸೋದ್ಯಮದ ಸಭೆ ಯಾವ ಜಿಲ್ಲೆಯಲ್ಲಿ ನಡೆದರೂ ಪಟ್ಟಿ ಹೆಚ್ಚುಕಡಿಮೆ ಒಂದೇ. ಊರು ಹೊಗುವಲ್ಲಿ ಕಮಾನು, ಕೆರೆ ದಂಡೆಯಲ್ಲಿ ಸಂಗೀತ ಕಾರಂಜಿ, ಕೆಂಪು ಹೃದಯದ ಪಕ್ಕ ಊರ ಹೆಸರು ಬರೆದ ಸೆಲ್ಫಿ ಪಾಯಿಂಟ್, ಡ್ರೋನ್‌ನಿಂದ ತೆಗೆದ ಮೂರು ನಿಮಿಷದ ವಿಡಿಯೊ. ಕೊನೆಗೆ ಯಾರಾದರೂ ಹಿರಿಯರು ಎದ್ದು, ‘ನಮ್ಮೂರಿಗೆ ಪ್ರಚಾರ ಸಾಲದು ಸಾಹೇಬ್ರ’ ಎನ್ನುತ್ತಾರೆ. ಎಲ್ಲರೂ ತಲೆದೂಗುತ್ತಾರೆ. ಬೀದರ್‌ನ ಮಟ್ಟಿಗೆ ಹೇಳುವುದಾದರೆ ಈ ಮಾತು ಒಪ್ಪುವಂಥದ್ದಲ್ಲ. ಭಾನುವಾರ ಮಧ್ಯಾಹ್ನ ಕೋಟೆ ಮುಂದೆ ನಿಂತ ತೆಲಂಗಾಣ ನೋಂದಣಿಯ ಕಾರುಗಳನ್ನು ನೋಡಿದರೆ ಸಾಕು. ಜನ ಬರುತ್ತಿದ್ದಾರೆ. ಐದು ಗಂಟೆಯಾಗುತ್ತಲೇ ಹೋಗಿಬಿಡುತ್ತಾರೆ.

ಬೆಂಗಳೂರು ಇಲ್ಲಿಂದ ಸುಮಾರು 700 ಕಿ.ಮೀ., ಹೈದರಾಬಾದ್ ಸುಮಾರು 140. 2020ರಲ್ಲಿ ಬೆಂಗಳೂರಿಗೆ ವಿಮಾನ ಶುರುವಾದಾಗಿನಿಂದ ಎಲ್ಲರ ಕಣ್ಣು ಆಕಾಶದ ಮೇಲಿದೆ. ಆದರೆ ಬೀದರ್‌ನ ಸಹಜ ಗಿರಾಕಿ ಬರುವುದು ಜಹೀರಾಬಾದ್ ರಸ್ತೆಯಲ್ಲಿ, ಸ್ವಂತ ಕಾರಿನಲ್ಲಿ, ಮಕ್ಕಳನ್ನು ಕರೆದುಕೊಂಡು. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟವರು ಹತ್ತಕ್ಕೆ ಇಲ್ಲಿರುತ್ತಾರೆ, ಸಂಜೆ ನಾಲ್ಕೂವರೆಗೆ ಹೊರಡುತ್ತಾರೆ. ಒಟ್ಟು ಆರೂವರೆ ಗಂಟೆ. ಕೋಟೆಗೆ ಎರಡೂವರೆ, ಊಟಕ್ಕೆ ಒಂದು, ಹಳೇ ವಿದ್ಯಾಲಯವಾದ ಗವಾನ್ ಮದರಸಾಕ್ಕೆ ಅರ್ಧ, ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿಗೆ ಹೋಗಿಬರಲು ಒಂದೂಕಾಲು, ಬೆಳ್ಳಿ ಕೂರಿಸಿದ ಕಪ್ಪು ಲೋಹದ ಬಿದ್ರಿ ಅಂಗಡಿಗೆ ಅರ್ಧ, ಚಹಾ–ಪಾರ್ಕಿಂಗ್–ದಾರಿ ಕೇಳುವುದಕ್ಕೆ ಮುಕ್ಕಾಲು. ಗಡಿಯಾರ ಅಲ್ಲಿಗೆ ತುಂಬಿತು.

ಪದೇ ಪದೇ ಹೇಳಿದರೂ ಸಭೆಯ ಕಿವಿಗೆ ಬೀಳದ ಮಾತು ಇದು: ತುಂಬಿದ ಹಗಲಿಗೆ ಇನ್ನೊಂದು ಆಕರ್ಷಣೆ ಸೇರಿಸಿದರೆ ಪ್ರವಾಸಿ ಹೆಚ್ಚು ಹೊತ್ತು ಉಳಿಯುವುದಿಲ್ಲ, ಬೇರೊಂದನ್ನು ಬಿಡುತ್ತಾನೆ. ಕಾರಂಜಿ ಮಾಡಿದಿರಿ, ಅದಕ್ಕೆ ಅರ್ಧ ಗಂಟೆ ಕೊಟ್ಟ, ಅಷ್ಟೂರನ್ನು ಕೈಬಿಟ್ಟ. ಬೋಟಿಂಗ್ ತಂದಿರಿ, ಬಿದ್ರಿ ಅಂಗಡಿಗೆ ಹೋಗಲಿಲ್ಲ. ಅವನ ಖರ್ಚು ಅಷ್ಟೇ ಉಳಿಯಿತು, ನಿಮ್ಮ ನಿರ್ವಹಣೆ ವೆಚ್ಚ ಏರಿತು. ಅದೇ ಕುಟುಂಬ ಒಂದು ರಾತ್ರಿ ತಂಗಿದರೆ ಲೆಕ್ಕವೇ ಬೇರೆ: ಒಂದು ರೂಮು, ಇನ್ನೆರಡು ಊಟ, ಎರಡನೇ ದಿನದ ಆಟೋ, ತಣ್ಣಗೆ ಕೂತು ಮಾಡಿದ ಖರೀದಿ. ಆದ್ದರಿಂದ ಯಾವುದೇ ಪ್ರಸ್ತಾವ ಬಂದಾಗ ಮೊದಲು ಕೇಳಬೇಕಾದದ್ದು ಅದರ ಅಂದಾಜು ವೆಚ್ಚವನ್ನಲ್ಲ, ಅದು ಎಷ್ಟು ಗಂಟೆಗೆ ನಡೆಯುತ್ತದೆ ಎಂಬುದನ್ನು. ಬೆಳಿಗ್ಗೆ ಹತ್ತರಿಂದ ನಾಲ್ಕೂವರೆಯೊಳಗಿನದಾದರೆ ಫೈಲು ಪಕ್ಕಕ್ಕಿಡಿ.

ಬೇಕಾದದ್ದು ಎರಡೇ. ಸಂಜೆ ಏಳೂವರೆ ದಾಟಿ ಮುಗಿಯುವ ಒಂದು ಕಾರ್ಯಕ್ರಮ, ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಚೆಂದವಿರುವ ಇನ್ನೊಂದು. ಏಳೂವರೆ ಏಕೆ? ಐದಕ್ಕೆ ಹೊರಟವರು ಎಂಟಕ್ಕೆ ಮನೆಯಲ್ಲಿರುತ್ತಾರೆ, ಯೋಚನೆಯೇ ಬೇಡ. ಏಳೂವರೆಗೆ ಹೊರಟರೆ ಹತ್ತೂವರೆ. ಹಿಂದಿನ ಸೀಟಿನಲ್ಲಿ ಮಕ್ಕಳು ಹಸಿದು ಮಲಗಿರುತ್ತಾರೆ. ಉಳಿಯುವ ಮನಸ್ಸು ಬರುವುದು ಆಗ. ಆದರೆ ಬಟ್ಟೆಬರೆ ತರದೆ ಬಂದವರು ಮನಸ್ಸಿದ್ದರೂ ಉಳಿಯಲಾರರು. ತೀರ್ಮಾನ ಮನೆಯಲ್ಲೇ ಆಗಬೇಕು ಎಂದರೆ ಕಾರ್ಯಕ್ರಮ ಪ್ರತಿ ಶನಿವಾರ, ಒಂದೇ ಹೊತ್ತಿಗೆ, ಮಳೆ ಬರಲಿ ಮಂತ್ರಿ ಬರಲಿ, ನಡೆಯಲೇಬೇಕು. ವರ್ಷಕ್ಕೊಮ್ಮೆಯ ಉತ್ಸವ ಊರವರಿಗೆ ಹಬ್ಬ, ಬೇಡವೆನ್ನಲು ನಾನ್ಯಾರು? ಆದರೆ ಮಿಕ್ಕ ಐವತ್ತೊಂದು ಶನಿವಾರಗಳಿಗೆ ಅದರಿಂದ ಏನೂ ಸಿಗುವುದಿಲ್ಲ.

ಪುರಾತತ್ವ ಇಲಾಖೆಯ ಸ್ಮಾರಕಗಳು ಸಾಮಾನ್ಯವಾಗಿ ಸೂರ್ಯಾಸ್ತಕ್ಕೆ ಮುಚ್ಚುತ್ತವೆ. ಹಾಗಾಗಿ ಸಂಜೆ ಹಳೇ ಊರಿನೊಳಗೇ ಆಗಬೇಕು. ಐದೂವರೆಗೆ ಮದರಸಾದ ಮುಂದೆ ಸೇರಿ, ಹಳೇ ಕಾವಲು ಗೋಪುರ ಚೌಬಾರಾ ತನಕ ನಡೆದು, ಬಿದ್ರಿ ಕೆಲಸದ ಮನೆಯಲ್ಲಿ ಒಂದು ಗಂಟೆ ಕಳೆದು, ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಯ ಊಟ. ಒಂದು ತಂಡದಲ್ಲಿ ಹನ್ನೆರಡು ಜನ, ಹೆಚ್ಚೆಂದರೆ ಹದಿನೈದು. ಅದಕ್ಕಿಂತ ಮೇಲಾದರೆ ಹಿಂದಿನವರಿಗೆ ಮಾತು ಕೇಳಿಸದು, ಓಣಿಯಲ್ಲಿ ಬೈಕುಗಳಿಗೆ ದಾರಿ ಇರದು. ಖರ್ಚು ಬೀಳುವುದು ಬೀದಿ ದೀಪ, ಮುಚ್ಚಿದ ಚರಂಡಿ ಮತ್ತು ಒಂದು ಶೌಚಾಲಯಕ್ಕೆ. ಶೌಚಾಲಯವನ್ನು ಕಟ್ಟಲು ಎಲ್ಲರೂ ಮುಂದೆ ಬರುತ್ತಾರೆ, ತೊಳೆಯುವವರ ಸಂಬಳಕ್ಕೆ ಬಜೆಟ್ಟಿನಲ್ಲಿ ತಲೆಬರಹವೇ ಇರುವುದಿಲ್ಲ. ಮೊದಲ ದಿನವೇ ಎರಡು ವರ್ಷದ ಸಂಬಳ ತೆಗೆದಿಡಲಾಗದಿದ್ದರೆ ಕಟ್ಟಲೇಬೇಡಿ.

ಬಿದ್ರಿಯ ವಿಷಯಕ್ಕೆ ಸ್ವಲ್ಪ ನಿಲ್ಲೋಣ, ಏಕೆಂದರೆ ಎಡವುವುದು ಇಲ್ಲೇ. ಇದು ಹೆಚ್ಚುಪಾಲು ಸತು, ಅಲ್ಪ ತಾಮ್ರ ಸೇರಿದ ಮಿಶ್ರಲೋಹ. ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ, ಗೆರೆ ಕಾಣಲೆಂದು ಮೈಲುತುತ್ತದ ನೀರಿನಿಂದ ತಾತ್ಕಾಲಿಕವಾಗಿ ಕಪ್ಪಾಗಿಸಿ, ಉಳಿಯಿಂದ ಕೊರೆದು, ಬೆಳ್ಳಿ ತಂತಿಯನ್ನೋ ತಗಡನ್ನೋ ಕೂರಿಸುತ್ತಾರೆ. ಕೊನೆಯ ಹಂತದಲ್ಲಿ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್), ನೀರು ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದರೆ ಲೋಹ ಕಾಡಿಗೆಯಂತಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. ಕೊರೆಯುವ ಕೆಲಸ ದಿನಗಟ್ಟಲೆಯದು. ಕಪ್ಪಾಗುವುದು ನಿಮಿಷಗಳ ಮಾತು. ಪ್ರವಾಸಿ ಉಸಿರು ಬಿಗಿಹಿಡಿದು ನೋಡುವುದು ಇದನ್ನು. ಇದೊಂದನ್ನು ಸಂಜೆ ಆರೂಮುಕ್ಕಾಲಕ್ಕೆ ಎಂದು ನಿಗದಿ ಮಾಡಿದರೆ ಸಾಕು. ಆದರೆ ಈಗ ನಡೆಯುವುದೇನು? ಗೈಡ್ ಹೊತ್ತಲ್ಲದ ಹೊತ್ತಿನಲ್ಲಿ ಇಪ್ಪತ್ತು ಜನರನ್ನು ನುಗ್ಗಿಸುತ್ತಾನೆ, ಉಸ್ತಾದರು ಉಳಿ ಕೆಳಗಿಟ್ಟು ವಿವರಿಸುತ್ತಾರೆ, ಅರ್ಧ ದಿನದ ಕೆಲಸ ಹಾಳು, ಕೊಂಡದ್ದು ಒಂದು ಕೀಚೈನು. ತೋರಿಸುವುದಕ್ಕೆ ತಲಾ ಇಷ್ಟು ಎಂದು ಶುಲ್ಕವಿರಲಿ, ಅದು ನೇರ ಕೆಲಸಗಾರರ ಕೈಗೆ ಹೋಗಲಿ, ಕೊಳ್ಳಲೇಬೇಕೆಂಬ ಒತ್ತಾಯ ಬೇಡ. ಬಿಸಿಗೆ ನವಸಾಗರದಿಂದ ಬರುವ ಹೊಗೆ ಕಣ್ಣು, ಗಂಟಲಿಗೆ ಉರಿ. ಕಿಟಕಿ ಎದುರುಬದುರು ತೆರೆದಿರಬೇಕು, ಉಬ್ಬಸವಿರುವವರನ್ನು ಮೊದಲೇ ಕೇಳಿ ಹೊರಗೆ ಕೂರಿಸಬೇಕು.

ಬೆಳಗಿನ ಸರಕು ಹೊಸದಾಗಿ ಮಾಡಬೇಕಿಲ್ಲ, ಐದು ಶತಮಾನದಿಂದ ಇದೆ. 1472ರ ಮಹಮೂದ್ ಗವಾನ್ ಮದರಸಾದ ಹೆಂಚಿನ ಮುಖ ಪೂರ್ವಕ್ಕಿದೆ. 1696ರ ಮದ್ದಿನ ಸ್ಫೋಟದಲ್ಲಿ ಅರ್ಧ ಹೋಗಿ ಉಳಿದ ಆ ನೀಲಿ ಬಿಳಿ ಹೆಂಚುಗಳನ್ನು ಮಧ್ಯಾಹ್ನ ಮೂರಕ್ಕೆ ಬಂದವರು ನೆರಳಲ್ಲಿ ನೋಡಿ, ‘ಫೋಟೊದಲ್ಲಿ ಚೆನ್ನಾಗಿತ್ತು’ ಎಂದು ಹೋಗುತ್ತಾರೆ. ಅಷ್ಟೂರಿನ ಗುಮ್ಮಟಗಳೂ ಅಷ್ಟೇ. ಬಹಮನಿ ಸುಲ್ತಾನ ಅಹ್ಮದ್ ಷಾನ ಗೋರಿಯೊಳಗೆ ಹಿಂಗುಳದ ಕೆಂಪು ಬಣ್ಣ, ಬಂಗಾರದ ಚಿತ್ತಾರ ಕತ್ತಲಲ್ಲಿ ಮುಳುಗಿದೆ. ಫ್ಲಡ್‌ಲೈಟ್ ಹಾಕಿ ಎಂಬ ಸಲಹೆ ಸಭೆಯಲ್ಲಿ ಬಂದೇ ಬರುತ್ತದೆ. ಬೇಡ, ಬಣ್ಣ ಮಾಸುತ್ತದೆ. ಬಾಗಿಲ ಬಿಸಿಲನ್ನು ಕನ್ನಡಿಯಲ್ಲಿ ಹಿಡಿದು ಗುಮ್ಮಟದ ಒಳಮೈ ಮೇಲೆ ಆಡಿಸುವ ಹಳೇ ಉಪಾಯವೇ ಸಾಕು. ಕಾವಲುಗಾರರಿಗೆ ಒಳ್ಳೆಯ ಕನ್ನಡಿ, ಮರ್ಯಾದೆಯ ಗೌರವಧನ ಕೊಡಿ. ಈ ಸುಲ್ತಾನನನ್ನೇ ಅಲ್ಲಮಪ್ರಭು ಎಂದು ನಂಬಿ ಮಾಡಿಯಾಳದ ಜಂಗಮರು ಇಲ್ಲಿನ ಜಾತ್ರೆಗೆ ಬರುತ್ತಾರೆ. ಅದನ್ನು ಮಾತ್ರ ಪ್ಯಾಕೇಜಿಗೆ ಸೇರಿಸಬೇಡಿ. ನೌಬಾದಿನ ಕರೇಜ್‌ಗೂ ಒಂದು ಎಚ್ಚರಿಕೆ: ಜಂಬಿಟ್ಟಿಗೆ ಕಲ್ಲಿನಲ್ಲಿ ಕೊರೆದ ಆ ನೀರಿನ ಸುರಂಗವನ್ನು ಗಾಳಿಬಾವಿಯ ಮೇಲಿಂದ ತೋರಿಸಿ ವಿವರಿಸಿ. ಒಳಗೆ ಇಳಿಸುವುದು ಗಾಳಿ, ನೀರಿನ ಮಟ್ಟ ಬಲ್ಲವರ ಒಪ್ಪಿಗೆ ಇಲ್ಲದೆ ಆಗಕೂಡದು.

ಇನ್ನು ಕಾಮಗಾರಿ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಸ್ಮಾರಕ ಸಂರಕ್ಷಣಾ ಕಾಯ್ದೆಯ 2010ರ ತಿದ್ದುಪಡಿಯ ಬಳಿಕ ಇದು ಬಿಗಿಯಾಗಿದೆ. ಬೀದರ್‌ನ ನಕಾಶೆ ಮೇಲೆ ಈ ವೃತ್ತಗಳನ್ನು ಎಳೆದು ನೋಡಿದರೆ ಹಳೇ ಊರಿನಲ್ಲಿ ಹೊಸ ಕಟ್ಟಡಕ್ಕೆ ಬಿಡುವಿರುವ ಜಾಗ ತೀರಾ ಕಡಿಮೆ. ಆದರೂ ಅನುದಾನ ಬಂದ ಕೂಡಲೇ ಕೋಟೆ ಗೋಡೆಗೆ ಆತುಕೊಂಡು ಕೆಫೆಟೇರಿಯಾ ಎಂದು ಟೆಂಡರ್ ಬರೆಯುತ್ತಾರೆ. ಅನುಮತಿಗೆ ಅರ್ಜಿ ಹೋಗುತ್ತದೆ, ಮಾರ್ಚ್ ಬರುತ್ತದೆ, ಹಣ ವಾಪಸ್ಸು. ಇರುವ ಹಳೇ ಮನೆಯನ್ನೇ ದುರಸ್ತಿ ಮಾಡುವುದೂ ಅನುಮತಿ ಕೇಳುವ ಕೆಲಸವೇ, ಆದರೆ ಹೊಸ ಕಟ್ಟಡಕ್ಕಿಂತ ಸಲೀಸು. ನಿಮ್ಮ ಜಾಗದ ಸ್ಥಿತಿ ಏನೆಂದು ಈ ಅನುಮತಿಗಳನ್ನು ನೋಡಿಕೊಳ್ಳುವ ಸಕ್ಷಮ ಪ್ರಾಧಿಕಾರದಿಂದ ಬರಹದಲ್ಲಿ ಪಡೆದೇ ಮುಂದಿನ ಹೆಜ್ಜೆ ಇಡಿ.

ಫಲಕಗಳ ಬಗ್ಗೆ ಚುಟುಕಾಗಿ. ಹತ್ತು ಅಡಿ ದೂರಕ್ಕೆ ಒಂದು ಇಂಚು ಅಕ್ಷರ ಎಂಬುದು ಕಸುಬಿನ ಲೆಕ್ಕ. ತಿರುವಿನಲ್ಲೇ ಫಲಕ ನೆಟ್ಟರೆ ಚಾಲಕ ದಾಟಿ ಹೋಗಿರುತ್ತಾನೆ. ನೂರು ಮೀಟರ್ ಮೊದಲೇ ನೆಟ್ಟರೆ 40 ಕಿ.ಮೀ. ವೇಗದಲ್ಲಿ ಅವನಿಗೆ ಒಂಬತ್ತು ಸೆಕೆಂಡು ಸಿಗುತ್ತದೆ. ಕೋಟೆಯ ರಂಗೀನ್ ಮಹಲಿನಂಥ, ಬೀಗ ಬಿದ್ದಿರಬಹುದಾದ ಜಾಗಗಳಲ್ಲಿ ಯಾರನ್ನು ಕೇಳಿದರೆ ಬಾಗಿಲು ತೆಗೆಯುತ್ತಾರೆ ಎಂಬ ಒಂದು ಸಾಲು ಇರಲಿ. ಮುತ್ತಿನ ಚಿಪ್ಪಿನ ಕೆಲಸ ಅಷ್ಟು ಚೆಂದ ಇರುವ ಕೋಣೆ ಅದು, ಬೀಗ ನೋಡಿ ಮರಳಿದವರಿಗೆ ತಾವು ಏನನ್ನು ತಪ್ಪಿಸಿಕೊಂಡೆವೆಂಬುದೂ ತಿಳಿಯುವುದಿಲ್ಲ.

ರಾತ್ರಿ ತಂಗುವವರು ಈಗಲೇ ಊರಲ್ಲಿದ್ದಾರೆ, ಯಾರೂ ಎಣಿಸುತ್ತಿಲ್ಲ ಅಷ್ಟೇ. ನಾಂದೇಡಿಗೂ ಬೀದರ್‌ನ ನಾನಕ್ ಝೀರಾಕ್ಕೂ ಸೇರಿಸಿ ಯಾತ್ರೆ ಬರುವ ಸಿಖ್ಖರು ಗುರುದ್ವಾರದಲ್ಲೇ ಉಳಿದು, ಲಂಗರಿನಲ್ಲಿ ಉಂಡು, ಕೋಟೆಯನ್ನು ದೂರದಿಂದ ನೋಡಿ ಹೊರಟುಬಿಡುತ್ತಾರೆ. ಗುರುದ್ವಾರದವರ ಒಪ್ಪಿಗೆ ಪಡೆದು ಅಲ್ಲೊಂದು ಹಿಂದಿ, ಪಂಜಾಬಿ ಫಲಕ, ಬೆಳಿಗ್ಗೆ ಆರೂವರೆಗೆ ಹೊರಟು ಒಂಬತ್ತೂವರೆಗೆ ಮರಳುವ ಒಂದು ಮಿನಿ ಬಸ್ಸು ಇಟ್ಟು ನೋಡಿ. ಬೆಂಗಳೂರಿನಲ್ಲಿ ಹೋರ್ಡಿಂಗ್ ಹಾಕುವುದಕ್ಕಿಂತ ಅಗ್ಗ.

‘ಹಿಂದುಳಿದ ಜಿಲ್ಲೆ ಎಂಬ ಹೆಸರು ಹೋಗಬೇಕಲ್ಲ’ ಎಂಬ ಕೊರಗು ನಿಜವಾದದ್ದು, ಹಗುರವಾಗಿ ಕಾಣುವಂಥದ್ದಲ್ಲ. ದಖನ್ ಸುಲ್ತಾನರ ಸ್ಮಾರಕಗಳ ಜೊತೆ ಬೀದರ್ 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿದೆ. ಆ ಗೌರವವಾಗಲಿ ಘೋಷವಾಕ್ಯವಾಗಲಿ ಊರಿನ ಹೆಸರನ್ನು ಒಂದು ಮಟ್ಟದ ತನಕ ಮಾತ್ರ ಎತ್ತಬಲ್ಲವು. ಮಿಕ್ಕದ್ದು ಉಳಿದು ಹೋದವರು ಮನೆಯಲ್ಲಿ ಹೇಳುವ ಮಾತಿನಿಂದ. ಶೌಚಾಲಯ ಇಲ್ಲದೆ ವಿಡಿಯೊ ಬಿಟ್ಟರೆ ಆ ಮಾತೂ ನಮ್ಮ ವಿರುದ್ಧವೇ ಬೀಳುತ್ತದೆ. ವಿಡಿಯೊ ಎರಡನೇ ವರ್ಷಕ್ಕಿರಲಿ.

ಫಲಿತಾಂಶ ಅಳೆಯಲು ಕೋಟೆ ಬಾಗಿಲಲ್ಲಿ ತಲೆ ಎಣಿಸಬೇಡಿ, ಅದು ರಜೆ ಬಂದರೆ ತಾನಾಗಿ ಏರುತ್ತದೆ. ಹತ್ತು ಲಾಡ್ಜುಗಳನ್ನು ಒಪ್ಪಿಸಿ, ಭಾನುವಾರ ಬೆಳಿಗ್ಗೆ ಒಂದು ಫೋನಿನಲ್ಲಿ ಎರಡೇ ಅಂಕಿ ಕೇಳಿ: ನಿನ್ನೆ ರಾತ್ರಿ ತುಂಬಿದ ರೂಮು ಎಷ್ಟು, ಅದರಲ್ಲಿ ಮದುವೆ ಪಾರ್ಟಿಯದು ಎಷ್ಟು. ಎರಡನೆಯದನ್ನು ಕಳೆಯದಿದ್ದರೆ ಲಗ್ನದ ತಿಂಗಳಲ್ಲಿ ಎಲ್ಲರೂ ಬೆನ್ನು ತಟ್ಟಿಕೊಳ್ಳುತ್ತಾರೆ. ಮೂರು ತಿಂಗಳಾದರೂ ಅಂಕಿ ಅಲುಗದಿದ್ದರೆ ಕಾರ್ಯಕ್ರಮ ಬದಲಿಸುವ ಮೊದಲು ಅದರ ಹೊತ್ತನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿ ನೋಡಿ.