ಎಣ್ಣೆಯ ಬೆಣೆ

“ಆಯಿಲ್ ಪ್ರೆಶರ್ ಸರಿಯಾಗೇ ಇತ್ತಲ್ಲ, ಮತ್ತೆ ಬಿಗ್ ಎಂಡ್ ಹೇಗೆ ಹೋಯ್ತು?”

ಗೆಳೆಯನ ಗ್ಯಾರೇಜಿನಲ್ಲಿ ಕೂತಾಗೆಲ್ಲ ಈ ಪ್ರಶ್ನೆ ಕಿವಿಗೆ ಬೀಳುತ್ತದೆ. ಬಿಗ್ ಎಂಡ್ ಅಂದರೆ ಪಿಸ್ಟನ್ನಿನ ರಾಡು ಎಂಜಿನ್ನಿನ ತಿರುಗುವ ಅಚ್ಚನ್ನು, ಅಂದರೆ ಕ್ರ್ಯಾಂಕ್ ಶಾಫ್ಟನ್ನು, ಹಿಡಿದುಕೊಳ್ಳುವ ಕಡೆಯ ಬೇರಿಂಗ್. ಕೇಳುವವರೇನು ಹೊಸಬರಲ್ಲ. ಟರ್ಬೊ, ಬೂಸ್ಟ್, ಗೇರ್ ರೇಷಿಯೋ ಎಲ್ಲ ಅವರಿಗೆ ಬಾಯಿಪಾಠ. ಆದರೆ ಬೇರಿಂಗ್ ವಿಷಯ ಬಂದರೆ ಎಲ್ಲರ ತಲೆಯಲ್ಲೂ ಒಂದೇ ಚಿತ್ರ ಇರುತ್ತದೆ: ಪಂಪ್ ಆಯಿಲನ್ನು ಒತ್ತಿ ಕಳಿಸುತ್ತದೆ, ಆ ಒತ್ತಡವೇ ಕ್ರ್ಯಾಂಕ್ ಶಾಫ್ಟನ್ನು ಎತ್ತಿ ಹಿಡಿದಿರುತ್ತದೆ. ಈ ಚಿತ್ರ ತಪ್ಪು. ಇದನ್ನು ನಂಬಿಕೊಂಡು ಕಾರು ಓಡಿಸಿ ಒಳ್ಳೊಳ್ಳೆಯ ಎಂಜಿನ್ ಕಳೆದುಕೊಂಡವರನ್ನು ನೋಡಿದ್ದೇನೆ. ಅದಕ್ಕೇ ಈ ಲೇಖನ.

ಮೊದಲು ಒಂದು ಲೆಕ್ಕ. ಬಿಎಂಡಬ್ಲ್ಯು 2007ರಲ್ಲಿ ತಂದ ಎಂ3 ಕಾರನ್ನು ತೆಗೆದುಕೊಳ್ಳಿ. ನಾಲ್ಕು ಲೀಟರಿನ ವಿ8, 8300 ಆರ್‌ಪಿಎಂನಲ್ಲಿ 420 ಎಚ್‌ಪಿ. ಪಿಸ್ಟನ್ನಿನ ಸ್ಟ್ರೋಕ್, ಅಂದರೆ ಅದು ಮೇಲೆ ಕೆಳಗೆ ಓಡುವ ದೂರ, 75.2 ಮಿ.ಮೀ. ಆ ವೇಗದಲ್ಲಿ, ಅಂದರೆ ನಿಮಿಷಕ್ಕೆ 8300 ಸುತ್ತಿನಲ್ಲಿ, ಕ್ರ್ಯಾಂಕ್ ಸೆಕೆಂಡಿಗೆ 138 ಸುತ್ತು ಹೊಡೆಯುತ್ತದೆ. ಮೇಲಕ್ಕೆ ನುಗ್ಗಿದ ಪಿಸ್ಟನ್ನನ್ನು ತುದಿಯಲ್ಲಿ ತಡೆದು ವಾಪಸ್ ಎಳೆಯಬೇಕಲ್ಲ, ಅದಕ್ಕೆ ಬೇಕಾದ ಬಲ ಅದರ ತೂಕದ ಮೂರೂವರೆ ಸಾವಿರ ಪಟ್ಟಿಗೂ ಜಾಸ್ತಿ. ಪಿಸ್ಟನ್, ಪಿನ್, ರಾಡಿನ ಮೇಲಿನ ತುದಿ ಎಲ್ಲ ಸೇರಿ ಅರ್ಧ ಕಿಲೋ ಅಂದುಕೊಂಡರೂ ಸುಮಾರು ಒಂದೂಮುಕ್ಕಾಲು ಟನ್ ಆಯಿತು. ಹೊಗೆ ಹೊರಗೆ ತಳ್ಳುವ ಸ್ಟ್ರೋಕಿನ ಕೊನೆಯಲ್ಲಿ ಮೇಲಿನಿಂದ ಅದನ್ನು ತಡೆಯಲು ಗ್ಯಾಸಿನ ಒತ್ತಡವೂ ಇರುವುದಿಲ್ಲ. ಹಾಗಾಗಿ ಇಡೀ ಕಾರಿನಷ್ಟು ಭಾರ ಒಂದೊಂದು ಬೇರಿಂಗಿನ ಮೇಲೂ ಸೆಕೆಂಡಿಗೆ 69 ಸಲ ಬಂದು ಬೀಳುತ್ತದೆ.

ಈಗ ಪಂಪಿನ ಕಡೆ ನೋಡಿ. ಅದು ಕೊಡುವುದು ಸುಮಾರು 5 ಬಾರ್, ಅಂದರೆ ಚದರ ಸೆಂಟಿಮೀಟರಿಗೆ 5 ಕಿಲೋ. ಬೇರಿಂಗ್ 5 ಸೆಂ.ಮೀ. ವ್ಯಾಸ, 2 ಸೆಂ.ಮೀ. ಅಗಲ ಅಂತಿಟ್ಟುಕೊಂಡರೆ ಭಾರ ಹೊರುವ ಜಾಗ 10 ಚದರ ಸೆಂ.ಮೀ. ಪಂಪಿನ ಒತ್ತಡ ಅಲ್ಲಿ ಎತ್ತಬಲ್ಲದ್ದು 50 ಕಿಲೋ. ಒಂದು ಸಿಮೆಂಟ್ ಮೂಟೆ! ಬೀಳುವ ಭಾರ ಮೂವತ್ತೈದು ಮೂಟೆ. ಹಾಗಾದರೆ ಮಿಕ್ಕ ಮೂವತ್ನಾಲ್ಕು ಮೂಟೆ ಹೊರುವವರು ಯಾರು?

ಇದರ ಉತ್ತರ ಸಿಕ್ಕಿದ್ದು ಕಾರುಗಳ ಕಾಲಕ್ಕಿಂತ ಮುಂಚೆ. 1883ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬೋಷಾಂಪ್ ಟವರ್ ಎಂಬ ಎಂಜಿನಿಯರ್ ರೈಲಿನ ಆಕ್ಸಲ್ ಬೇರಿಂಗುಗಳ ಮೇಲೆ ಪ್ರಯೋಗ ಮಾಡುತ್ತಿದ್ದ. ಶಾಫ್ಟಿನ ಮೇಲೆ ಅರ್ಧ ಬೇರಿಂಗ್ ಕೂರಿಸಿ, ಅದರ ಮೇಲೆ ಭಾರ ಹೇರಿದ್ದ. ಶಾಫ್ಟಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿತ್ತು. ಎಣ್ಣೆ ಬಿಡೋಣ ಅಂತ ಬೇರಿಂಗಿನ ತಲೆಯ ಮೇಲೆ ಒಂದು ತೂತು ಕೊರೆದ. ಶಾಫ್ಟ್ ತಿರುಗಿಸಿದರೆ ಆ ತೂತಿನಿಂದ ಎಣ್ಣೆ ಒಳಗೆ ಹೋಗುವ ಬದಲು ಹೊರಗೆ ಉಕ್ಕಿ ಬಂತು. ಕಾರ್ಕ್ ಹಾಕಿ ಮುಚ್ಚಿದ, ಕಿತ್ತುಕೊಂಡು ಬಂತು. ಮರದ ಬೆಣೆ ಬಡಿದ, ಅದನ್ನೂ ತಳ್ಳಿ ಹಾಕಿತು. ಕೊನೆಗೆ ಅಲ್ಲೊಂದು ಪ್ರೆಶರ್ ಗೇಜ್ ಕೂರಿಸಿದ. ಬೇರಿಂಗಿನ ಮೇಲೆ ಹೇರಿದ್ದ ಭಾರ ಸರಾಸರಿ ಚದರ ಇಂಚಿಗೆ 100 ಪೌಂಡ್. ಗೇಜಿನ ಮುಳ್ಳು 200 ದಾಟಿ ಹೋಯಿತು. ಅಲ್ಲಿ ಪಂಪೇ ಇರಲಿಲ್ಲ! ಶಾಫ್ಟ್ ತಾನೇ ತಿರುಗುತ್ತಾ ತನ್ನನ್ನು ಹೊರುವ ಒತ್ತಡವನ್ನು ತಾನೇ ಹುಟ್ಟಿಸಿಕೊಂಡಿತ್ತು. ಈ ಕಥೆ ಎಷ್ಟು ಸಲ ಹೇಳಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಅದರ ಗಣಿತವನ್ನು 1886ರಲ್ಲಿ ಮ್ಯಾಂಚೆಸ್ಟರಿನ ಪ್ರೊಫೆಸರ್ ಆಸ್ಬೋರ್ನ್ ರೆನಾಲ್ಡ್ಸ್ ಬಿಡಿಸಿದರು. ಗಣಿತ ಬಿಡಿ, ವಿಷಯ ಸರಳ. ಶಾಫ್ಟಿಗೂ ಬೇರಿಂಗಿಗೂ ನಡುವೆ ಸಣ್ಣ ಸಂದು ಇರುತ್ತದೆ. ಶಾಫ್ಟಿನ ವ್ಯಾಸದ ಸಾವಿರದಲ್ಲೊಂದು ಪಾಲು ಅನ್ನುವುದು ಹಳೆಯ ಅಂದಾಜು. 50 ಮಿ.ಮೀ. ಶಾಫ್ಟಿಗೆ 0.05 ಮಿ.ಮೀ., ತಲೆಕೂದಲಿಗಿಂತ ತೆಳ್ಳಗೆ. ಭಾರ ಬಿದ್ದಾಗ ಶಾಫ್ಟ್ ನಟ್ಟನಡುವೆ ನಿಲ್ಲುವುದಿಲ್ಲ, ಒಂದು ಪಕ್ಕಕ್ಕೆ ಸರಿಯುತ್ತದೆ. ಆಗ ಒಂದು ಕಡೆ ಸಂದು ಅಗಲ, ಇನ್ನೊಂದು ಕಡೆ ಕಿರಿದು. ಎಣ್ಣೆ ಶಾಫ್ಟಿಗೆ ಅಂಟಿಕೊಂಡು ಅದರ ಜೊತೆಗೇ ಅಗಲದ ಕಡೆಯಿಂದ ಕಿರಿದರ ಕಡೆಗೆ ಓಡುತ್ತದೆ. ಮುಂದೆ ಜಾಗ ಇಲ್ಲ. ಕುಗ್ಗೋಣ ಅಂದರೆ ಎಣ್ಣೆ ಕುಗ್ಗುವುದಿಲ್ಲ. ಪಕ್ಕದಿಂದ ತಪ್ಪಿಸಿಕೊಳ್ಳೋಣ ಅಂದರೆ ಅಂಟು, ಬೇಗ ಹರಿಯುವುದಿಲ್ಲ. ಮರ ಸೀಳುವಾಗ ಬೆಣೆ ಹೊಡೆದ ಹಾಗೆ ಎಣ್ಣೆ ಆ ಸಂದಿಗೆ ಸಿಕ್ಕಿಕೊಂಡು ಶಾಫ್ಟನ್ನು ಎತ್ತುತ್ತದೆ. ಲೋಹಕ್ಕೆ ಲೋಹ ತಾಗುವುದೇ ಇಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಬೀಸುವ ಕಲ್ಲು ನೆನಪಿಸಿಕೊಳ್ಳಿ. ರಾಗಿ ಹಾಕುತ್ತಾ ಬೀಸಿದರೆ ಮೇಲಿನ ಕಲ್ಲು ಕಾಳಿನ ಮೇಲೆ ಸಲೀಸಾಗಿ ತಿರುಗುತ್ತದೆ. ರಾಗಿ ಮುಗಿಯಿತೋ, ಕಲ್ಲಿಗೆ ಕಲ್ಲು ತಾಗಿ ಗರಗರ ಸದ್ದು. ಅಜ್ಜಿಗೆ ಅಡುಗೆಮನೆಯಿಂದಲೇ ಗೊತ್ತಾಗುತ್ತಿತ್ತು. ಆದರೆ ರಾಗಿ ಗಟ್ಟಿ ಕಾಳು, ಹಾಗಾಗಿ ಈ ಹೋಲಿಕೆ ಅರ್ಧ ದಾರಿಗೆ ಮಾತ್ರ ಬರುತ್ತದೆ. ಮಿಕ್ಕರ್ಧಕ್ಕೆ ಮಳೆಗಾಲದ ಹೆದ್ದಾರಿಗೆ ಬನ್ನಿ. ನೀರು ನಿಂತ ಕಡೆ ಜೋರಾಗಿ ಹೋದರೆ ಟೈರಿನ ಮುಂದೆ ನೀರು ಬೆಣೆಯಾಗಿ ಸೇರಿಕೊಂಡು ಕಾರನ್ನು ರಸ್ತೆಯಿಂದ ಎತ್ತಿಬಿಡುತ್ತದೆ, ಸ್ಟಿಯರಿಂಗ್ ಹಗುರಾಗುತ್ತದೆ. ರಸ್ತೆಯಲ್ಲಿ ಜೀವ ತೆಗೆಯುವ ಅದೇ ಆಟ ಎಂಜಿನ್ನಿನೊಳಗೆ ಜೀವ ಉಳಿಸುತ್ತದೆ. ಇನ್ನೂ ಒಂದು ಸಹಾಯ ಇದೆ. ಗಾರೆ ಕೆಲಸದವರು ಸಿಮೆಂಟ್ ಹಾಲಿನ ಮೇಲೆ ಕಡಪ ಕಲ್ಲು ಇಡುವುದನ್ನು ನೋಡಿದ್ದೀರಾ? ಇಟ್ಟ ತಕ್ಷಣ ಕಲ್ಲು ತೇಲುತ್ತದೆ, ಬೆರಳಲ್ಲಿ ತಳ್ಳಿದರೆ ಜಾರುತ್ತದೆ. ಅಡಿಯ ಹಾಲು ಪಕ್ಕಕ್ಕೆ ಸರಿಯಲು ಹೊತ್ತು ಬೇಕು. ಬಿಗ್ ಎಂಡ್ ಮೇಲಿನ ಏಟು ಒಂದೆರಡು ಮಿಲಿಸೆಕೆಂಡಿನದು, ಅಷ್ಟರಲ್ಲಿ ಎಣ್ಣೆಗೆ ಪೂರ್ತಿ ಜಾಗ ಬಿಡಲು ಆಗುವುದಿಲ್ಲ. ಅಷ್ಟರಲ್ಲಿ ಏಟು ಮುಗಿದಿರುತ್ತದೆ. ಆ ಗಳಿಗೆಯಲ್ಲಿ ಉಳಿದಿರುವ ಎಣ್ಣೆಯ ಪದರ ಒಂದೆರಡು ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್. ಅಷ್ಟರ ಮೇಲೆ ಆ ಮೂವತ್ತೈದು ಮೂಟೆ!

ಹಾಗಾದರೆ ಪಂಪ್ ಯಾಕೆ? ಬೀಸುವ ಕಲ್ಲಿಗೆ ರಾಗಿ ಹಾಕುವ ಕೈ ಅದು. ಸಂದಿನಿಂದ ಸೋರಿ ಹೋದ ಎಣ್ಣೆಯ ಜಾಗಕ್ಕೆ ಹೊಸದು ತಂದು ಹಾಕುತ್ತದೆ, ಬಿಸಿಯನ್ನು ಹೊತ್ತೊಯ್ಯುತ್ತದೆ. ಇಷ್ಟು ಗೊತ್ತಾದರೆ ಬೇರಿಂಗ್ ಯಾಕೆ ಹೋಗುತ್ತದೆ ಅನ್ನುವುದು ತಾನಾಗೇ ಬಿಡಿಸಿಕೊಳ್ಳುತ್ತದೆ. ಬೆಣೆಗೆ ಬೇಕಾದದ್ದು ಮೂರು: ತಿರುಗುವ ವೇಗ, ಎಣ್ಣೆಯ ಅಂಟು, ಖಾಲಿಯಾಗದ ಎಣ್ಣೆ.

ಟ್ರ್ಯಾಕಿನಲ್ಲಿ ಮೊದಲು ಕೈಕೊಡುವುದು ಮೂರನೆಯದು. ಒಳ್ಳೆಯ ಟೈರ್ ಹಾಕಿದ ಕಾರು ಉದ್ದ ತಿರುವಿನಲ್ಲಿ ಒಂದು ಜಿ ಬಲದಲ್ಲಿ, ಅಂದರೆ ತನ್ನ ತೂಕದಷ್ಟೇ ಬಲದಲ್ಲಿ, ತಿರುಗಿದರೆ ಎಂಜಿನ್ನಿನ ತಳದ ತೊಟ್ಟಿಯಾದ ಸಂಪಿನಲ್ಲಿರುವ ಆಯಿಲ್ 45 ಡಿಗ್ರಿ ವಾಲಿ ಗೋಡೆ ಹತ್ತಿಬಿಡುತ್ತದೆ. ಪಂಪಿಗೆ ಆಯಿಲ್ ಹೀರುವ ಪಿಕಪ್ ಪೈಪಿನ ಬಾಯಿಗೆ ಗಾಳಿ ಸಿಗುತ್ತದೆ. 8300 ಆರ್‌ಪಿಎಂನಲ್ಲಿ ಎರಡು ಸೆಕೆಂಡ್ ಗಾಳಿ ಎಳೆದರೆ 276 ಸುತ್ತು ಆಯಿತು. ಡ್ಯಾಶ್‌ಬೋರ್ಡಿನ ಲೈಟ್ ಕಣ್ಣಿಗೆ ಬೀಳುವ ಹೊತ್ತಿಗೆ ಆಗಬೇಕಾದ್ದು ಆಗಿರುತ್ತದೆ. ಪೋರ್ಷೆ 944 ಕಾರಿನ ಎರಡನೇ ಸಿಲಿಂಡರಿನ ಬೇರಿಂಗ್ ಟ್ರ್ಯಾಕಿನಲ್ಲಿ ಹೋಗುವುದಕ್ಕೆ ಹೆಸರುವಾಸಿ, ಕಾರಣ ಇದೇ ಆಯಿಲ್ ಕೊರತೆ. ಇದಕ್ಕೆ ಪರಿಹಾರ ಸಂಪಿನೊಳಗೆ ಅಡ್ಡಗೋಡೆಗಳು, ಅಂದರೆ ಬ್ಯಾಫಲ್. ಇಲ್ಲವೇ ಆಯಿಲನ್ನು ಬೇರೆ ಟ್ಯಾಂಕಿನಲ್ಲಿಡುವ ಡ್ರೈ ಸಂಪ್. ಇದ್ಯಾವುದೂ ಬೇಡ ಅಂದರೆ ಕನಿಷ್ಠ ಪ್ರತಿ ಸೆಶನ್ನಿಗೂ ಮುಂಚೆ ಡಿಪ್‌ಸ್ಟಿಕ್ ನೋಡಿ, ಮೇಲಿನ ಗುರುತಿನ ತನಕ ತುಂಬಿಸಿ. ಅದಕ್ಕಿಂತ ಮೇಲೆ ಹೋಗಬೇಡಿ. ಕ್ರ್ಯಾಂಕ್ ಆಯಿಲಿಗೆ ಬಡಿದು ಮಜ್ಜಿಗೆ ಕಡೆದ ಹಾಗೆ ನೊರೆ ಎಬ್ಬಿಸುತ್ತದೆ. ನೊರೆ ಅಂದರೆ ಗಾಳಿ, ಗಾಳಿಯಿಂದ ಬೆಣೆ ಆಗುವುದಿಲ್ಲ.

ಎರಡನೆಯದು ಅಂಟು. ಇಲ್ಲೇ ಜಾಸ್ತಿ ಮೂಢನಂಬಿಕೆ ಇರುವುದು. “ದಪ್ಪ ಆಯಿಲ್ ಹಾಕಿ, ಎಂಜಿನ್ ಸೇಫ್” ಅಂತ ಸುಮ್ನೆ ಹೇಳಿಬಿಡುತ್ತಾರೆ. ಎಂ3ಗೆ ಕಂಪನಿಯೇ 10ಡಬ್ಲ್ಯು-60 ಎಂಬ ದಪ್ಪ ಆಯಿಲ್ ಹೇಳಿತ್ತು ನಿಜ. ಆದರೆ ಅದು ಆ ಎಂಜಿನ್ನಿಗೆ. 100 ಡಿಗ್ರಿ ಬಿಸಿಯಲ್ಲೂ 60ರ ಆಯಿಲ್ 30ರ ಆಯಿಲಿಗಿಂತ ಸುಮಾರು ಎರಡು ಪಟ್ಟು ಮಂದ. ಕಿರಿದು ಸಂದಿಟ್ಟು 30ರ ಆಯಿಲಿಗೆಂದು ಮಾಡಿದ ಎಂಜಿನ್ನಿಗೆ ಇದನ್ನು ಸುರಿದರೆ ಗೇಜಿನಲ್ಲಿ ಪ್ರೆಶರ್ ಚೆನ್ನಾಗಿ ಕಾಣುತ್ತದೆ. ಯಾಕೆಂದರೆ ಆಯಿಲ್ ಹರಿಯುತ್ತಿಲ್ಲ! ನಲ್ಲಿ ಪೈಪಿನ ಬಾಯಿಗೆ ಬೆರಳು ಒತ್ತಿದರೂ ಪ್ರೆಶರ್ ಏರುತ್ತದೆ, ಗಿಡಕ್ಕೆ ನೀರು ಕಮ್ಮಿಯಾಗುತ್ತದೆ. ಹೊಸ ಆಯಿಲ್ ಬಾರದೆ ಬೇರಿಂಗ್ ಬಿಸಿಯಾಗುತ್ತದೆ, ಬಿಸಿಯಾದ ಆಯಿಲ್ ಮತ್ತೆ ತೆಳ್ಳಗಾಗುತ್ತದೆ.

ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಎಲ್ಲ ಆಯಿಲೂ ದಪ್ಪವೇ. ಕೂಲೆಂಟ್ ಬೇಗ ಬಿಸಿಯಾಗುತ್ತದೆ, ಆಯಿಲ್ ನಿಧಾನ. ಟೆಂಪರೇಚರ್ ಮುಳ್ಳು ನಡುವೆ ಬಂತು ಅಂತ ಆಕ್ಸಲರೇಟರ್ ಪೂರ್ತಿ ಒತ್ತುವವರು ನೋಡುತ್ತಿರುವುದು ನೀರಿನ ಮುಳ್ಳನ್ನು. ವಿ8 ಎಂ3ಗಿಂತ ಹಿಂದಿನ ಆರು ಸಿಲಿಂಡರಿನ ಎಂ3ಯಲ್ಲಿ ಟ್ಯಾಕೋಮೀಟರಿನ ಸುತ್ತ ಕಿತ್ತಳೆ ಲೈಟುಗಳಿದ್ದವು. ಎಂಜಿನ್ ಬಿಸಿಯಾದ ಹಾಗೆ ಅವು ಒಂದೊಂದಾಗಿ ಆರುತ್ತಾ ಮೇಲಿನ ಆರ್‌ಪಿಎಂಗೆ ಅನುಮತಿ ಕೊಡುತ್ತಿದ್ದವು. ನನ್ನ ಪ್ರಕಾರ ಎಲ್ಲ ಸ್ಪೋರ್ಟ್ಸ್ ಕಾರುಗಳಲ್ಲೂ ಇದು ಇರಬೇಕು. ಆ ಎಂಜಿನ್ 8000 ತನಕ ಹೋಗುತ್ತಿತ್ತು, ಮೊದಲ ವರ್ಷಗಳ ಕಾರುಗಳನ್ನು ಕಂಪನಿಯೇ ಕರೆಸಿ ಬಿಗ್ ಎಂಡ್ ಬೇರಿಂಗ್ ಬದಲಿಸಿಕೊಟ್ಟಿತು. ಇಷ್ಟು ಅನುಭವ ಇರುವ ಎಂಜಿನಿಯರುಗಳಿಗೇ ಆ ಮೈಕ್ರಾನ್‌ಗಳ ಲೆಕ್ಕ ಅಷ್ಟು ಕಷ್ಟ.

ಮೊದಲನೆಯದು ವೇಗ. ಆರ್‌ಪಿಎಂ ಜಾಸ್ತಿ ಆದರೆ ಬೆಣೆ ಗಟ್ಟಿಯಾಗುತ್ತದೆ, ಆದರೆ ಪಿಸ್ಟನ್ನಿನ ಏಟು ವೇಗದ ವರ್ಗದಷ್ಟು ಏರುತ್ತದೆ. ಡೌನ್‌ಶಿಫ್ಟ್ ತಪ್ಪಿ ರೆಡ್‌ಲೈನ್ ದಾಟಿಸಿದರೆ ಕೆಳಗಿನ ಶೆಲ್, ಅಂದರೆ ಬೇರಿಂಗಿನ ಕೆಳಗಿನ ಅರ್ಧ, ಪೆಟ್ಟು ತಿನ್ನುತ್ತದೆ. ಇದರ ಉಲ್ಟಾ ಕೂಡ ಕೆಟ್ಟದ್ದೇ. ಟರ್ಬೊ ಕಾರನ್ನು ಟಾಪ್ ಗೇರಿನಲ್ಲಿ 1500 ಆರ್‌ಪಿಎಂನಿಂದ ಫುಲ್ ಥ್ರಾಟಲ್ ಕೊಟ್ಟು ಎಳೆಸಿದರೆ ಬೆಣೆ ಕಟ್ಟಲು ವೇಗವಿಲ್ಲ, ಮೇಲಿಂದ ಸ್ಫೋಟದ ಒತ್ತಡ ಪೂರ್ತಿ. ಆಗ ಸವೆಯುವುದು ಮೇಲಿನ ಶೆಲ್. ಒಂದು ಗೇರ್ ಇಳಿಸಿ, ಅಷ್ಟೇ. ಇನ್ನು ಬಾಟಲಿಯಲ್ಲಿ ಬರುವ ಪವಾಡದ ಆಡಿಟಿವ್. ಅದಕ್ಕೆ ಕೊಡುವ ದುಡ್ಡಿನಲ್ಲಿ ಆಯಿಲ್ ಸ್ವಲ್ಪ ಮುಂಚೆಯೇ ಬದಲಿಸಿ. ಆಯಿಲ್ ಕಪ್ಪಾಯಿತು ಅಂತ ಗಾಬರಿ ಬೇಡ, ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಗಾಬರಿ ಬೀಳಬೇಕಾದ್ದು ಡಿಪ್‌ಸ್ಟಿಕ್ ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ. ದಿನಾ ಎರಡು ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ಪೆಟ್ರೋಲ್ ಆಯಿಲಿಗೆ ಇಳಿದು ಅಂಟನ್ನೇ ಕೊಲ್ಲುತ್ತದೆ.

ಹೋದ ವರ್ಷ ಗೆಳೆಯ ತನ್ನ ಟ್ರ್ಯಾಕ್ ಕಾರಿನ ಆಯಿಲ್ ಫಿಲ್ಟರನ್ನು ಕತ್ತರಿಸಿ ತೆಗೆದ. ಒಳಗಿನ ಮಡಿಕೆ ಕಾಗದವನ್ನು ಹಿಂಡಿ, ಬಿಸಿಲಿಗೆ ಹರಡಿದೆವು. ಅಲ್ಲಲ್ಲಿ ಮಿಣಮಿಣ ಚೂರುಗಳು. ಆಯಸ್ಕಾಂತ ಹಿಡಿದರೆ ಅಂಟಲಿಲ್ಲ. ಕಬ್ಬಿಣ ಆಗಿದ್ದರೆ ಅಂಟುತ್ತಿತ್ತು, ಇದು ಬೇರಿಂಗಿನ ಚೂರೇ ಇರಬೇಕು. ಸದ್ದು ಇನ್ನೂ ಶುರುವಾಗಿರಲಿಲ್ಲ, ಆದರೂ ಅವನು ಸಂಪ್ ಇಳಿಸಿಯೇಬಿಟ್ಟ. ಬಿಚ್ಚಿದ ಶೆಲ್ ಅರ್ಧ ಬಳೆಯ ಹಾಗೆ ನನ್ನ ಅಂಗೈಯಲ್ಲಿತ್ತು. ಅಂಚಿನಲ್ಲಿ ಬೂದು ಬಣ್ಣದ ಮೆತ್ತನೆಯ ಪದರ ಹಾಗೇ ಉಳಿದಿತ್ತು. ನಡುವೆ ಅದು ಸವೆದು ಕೆಳಗಿನ ತಾಮ್ರ ಹೊಸ ಚೊಂಬಿನ ಹಾಗೆ ಹೊಳೆಯುತ್ತಿತ್ತು. ಆ ಬೂದು ಪದರದ ದಪ್ಪ ಕೂದಲಿಗಿಂತ ಕಮ್ಮಿ. ಸ್ಟಾರ್ಟ್ ಮಾಡುವಾಗ ಬೆಣೆ ಇನ್ನೂ ಕಟ್ಟಿರುವುದಿಲ್ಲವಲ್ಲ, ಆಗ ಶಾಫ್ಟಿಗೆ ಗಾಯವಾಗದಂತೆ ತಾನು ಸವೆಯಲೆಂದೇ, ಧೂಳಿನ ಕಣವನ್ನು ತನ್ನೊಳಗೆ ಹುದುಗಿಸಿಕೊಳ್ಳಲೆಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ತವರದ ಮಿಶ್ರಲೋಹ ಹಾಕಿ ಶುರು ಮಾಡಿದ ಉಪಾಯ ಅದು. ಕ್ರ್ಯಾಂಕಿನ ಮೇಲೆ ಉಗುರು ಎಳೆದು ನೋಡಿದೆವು, ಎಲ್ಲೂ ತಡೆಯಲಿಲ್ಲ. ಹೊಸ ಶೆಲ್, ಹೊಸ ರಾಡ್ ಬೋಲ್ಟ್, ಸಂಪಿಗೆ ಬ್ಯಾಫಲ್. ಮುಂದಿನ ಟ್ರ್ಯಾಕ್ ದಿನ ಮುಗಿಸಿ ಬಂದವನು ಮನೆಗೂ ಹೋಗದೆ ಫಿಲ್ಟರ್ ಕತ್ತರಿಸಿ, ಫೋಟೋ ಕಳಿಸಿದ. ಮಡಿಕೆಗಳ ಮೇಲೆ ಕಪ್ಪು ಎಣ್ಣೆ ಬಿಟ್ಟರೆ ಏನೂ ಇರಲಿಲ್ಲ.