ಗುರುವಾರದ ಅಪ್ಪಂ, ಭಾನುವಾರದ ಅಪ್ಪಂ

ಕೇರಳದ ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಈಸ್ಟರ್ ವಾರವೆಂದರೆ ಎರಡು ಅಪ್ಪಂಗಳ ವಾರ. ಪವಿತ್ರ ಗುರುವಾರದ ರಾತ್ರಿ ಹುದುಗಿಲ್ಲದ ಪೆಸಹಾ ಅಪ್ಪಂ. ಭಾನುವಾರ ಬೆಳಿಗ್ಗೆ, ಉಪವಾಸ ಮುರಿಯಲು, ಕಳ್ಳು ಬೆರೆಸಿ ಉಬ್ಬಿಸಿದ ಪಾಲಪ್ಪಂ. ಎರಡಕ್ಕೂ ಅಕ್ಕಿ, ತೆಂಗಿನಕಾಯಿಯೇ ಆಧಾರ. ಸೂಕ್ಷ್ಮಜೀವಿಗಳಿಗೆ ಗುರುವಾರ ಅವಕಾಶ ಕೊಡದ ಅಡುಗೆಮನೆ ಶನಿವಾರ ಅವುಗಳನ್ನು ಕರೆದು ಕೂರಿಸುತ್ತದೆ.

ಪೆಸಹಾ ಅಪ್ಪಂ ಯೆಹೂದ್ಯರ ಪಾಸ್ಕ ಹಬ್ಬದ ಹುಳಿಯಿಲ್ಲದ ರೊಟ್ಟಿಯನ್ನು, ಯೇಸುವಿನ ಕೊನೆಯ ಭೋಜನವನ್ನು ನೆನಪಿಸುವ ತಿನಿಸು. ಹುರಿದ ಅಕ್ಕಿಹಿಟ್ಟಿಗೆ ನೆನೆಸಿ ರುಬ್ಬಿದ ಉದ್ದು, ತೆಂಗಿನತುರಿ, ಸಣ್ಣ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ ಸೇರಿಸುತ್ತಾರೆ. ಈಸ್ಟರ್‌ಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರ ಚರ್ಚಿನಿಂದ ತಂದ ತೆಂಗಿನ ಗರಿಯಲ್ಲಿ ಪುಟ್ಟ ಶಿಲುಬೆ ಮಾಡಿ ಮೇಲಿಟ್ಟು ಹಬೆಯಲ್ಲಿ ಬೇಯಿಸುತ್ತಾರೆ. ಪ್ರಾರ್ಥನೆಯಾದ ಮೇಲೆ ಮನೆಯ ಹಿರಿಯರು ಕತ್ತರಿಸಿ ಹಂಚುತ್ತಾರೆ. ಜೊತೆಗೆ ಬೆಲ್ಲ, ತೆಂಗಿನಹಾಲಿನ ‘ಪೆಸಹಾ ಪಾಲ್’. ವರ್ಷದೊಳಗೆ ಸಾವಾದ ಮನೆಯಲ್ಲಿ ಇದನ್ನು ಮಾಡುವುದಿಲ್ಲ, ನೆಂಟರೋ ನೆರೆಯವರೋ ತಂದುಕೊಡುತ್ತಾರೆ.

ಇಲ್ಲಿ ಉದ್ದು ಏನು ಮಾಡುತ್ತಿದೆ? ಅಕ್ಕಿ, ಉದ್ದು, ನೀರು, ಹಬೆ ಎಂದರೆ ನಮಗೆ ನೆನಪಾಗುವುದು ಇಡ್ಲಿ. ಇಡ್ಲಿ ಹಿಟ್ಟಿಗೂ ಯಾರೂ ಹೊರಗಿನಿಂದ ಹುದುಗು ಹಾಕುವುದಿಲ್ಲ. ಬೇಳೆಯ ಜೊತೆಗೇ ಬರುವ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್‌ನಂಥ ಬ್ಯಾಕ್ಟೀರಿಯಾಗಳು ರಾತ್ರಿಯಿಡೀ ಸಕ್ಕರೆಯಂಶ ತಿಂದು ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತವೆ. ಉದ್ದಿನ ಲೋಳೆ ಆ ಗುಳ್ಳೆಗಳನ್ನು ಹಿಡಿದಿಡುತ್ತದೆ. ಪೆಸಹಾ ಹಿಟ್ಟಿನಲ್ಲೂ ಇದೇ ಉದ್ದಿದೆ. ಹಿಟ್ಟನ್ನು ಮರೆತು ರಾತ್ರಿ ಹಾಗೆಯೇ ಬಿಟ್ಟರೆ ಅದೂ ಹುಳಿಯಾಗಿ ಉಬ್ಬೀತು. ಈಸ್ಟರ್ ಬರುವುದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ. ಕರಾವಳಿಯ ಆ ಸೆಕೆಯಲ್ಲಿ ಹುದುಗುವಿಕೆ ಇನ್ನೂ ಚುರುಕು.

ಅಂದರೆ ‘ಹುದುಗಿಲ್ಲದ್ದು’ ಎಂಬುದನ್ನು ನಿರ್ಧರಿಸುವುದು ಪದಾರ್ಥಕ್ಕಿಂತ ಹೆಚ್ಚಾಗಿ ಗಡಿಯಾರ. ಯೆಹೂದ್ಯ ಸಂಪ್ರದಾಯ ಇದನ್ನು ಸೂಕ್ಷ್ಮದರ್ಶಕ ಹುಟ್ಟುವ ಎಷ್ಟೋ ಮೊದಲೇ ಕಂಡುಕೊಂಡಿತ್ತು. ಪಾಸ್ಕದ ಮಾಟ್ಜಾ ರೊಟ್ಟಿಯ ಹಿಟ್ಟಿಗೆ ನೀರು ತಗುಲಿದ 18 ನಿಮಿಷಗಳೊಳಗೆ ಅದು ಬೆಂದಿರಬೇಕು. ಈ ನಿಯಮ ಗೋಧಿ, ಬಾರ್ಲಿಯಂಥ ಐದು ಧಾನ್ಯಗಳಿಗೆ. ಅಕ್ಕಿ ಆ ಪಟ್ಟಿಯಲ್ಲೇ ಇಲ್ಲ. ಕೇರಳ ಅದನ್ನು ತಲೆಗೆ ಹಚ್ಚಿಕೊಳ್ಳದೆ ತನ್ನ ಅಕ್ಕಿಯಲ್ಲೇ ವ್ರತ ನಡೆಸಿತು, ಒಳ್ಳೆಯದನ್ನೇ ಮಾಡಿತು.

ಭಾನುವಾರದ ಪಾಲಪ್ಪಂಗೆ ಬಂದರೆ ಲೆಕ್ಕ ತಿರುಗುತ್ತದೆ. ತೆಂಗಿನ ಹೊಂಬಾಳೆಯಿಂದ ಇಳಿಯುವ ತಾಜಾ ರಸದಲ್ಲಿ ಸುಮಾರು 12ರಿಂದ 15 ಶೇಕಡಾ ಸಕ್ಕರೆ ಇರುತ್ತದೆ, ಹೆಚ್ಚಿನದು ಸುಕ್ರೋಸ್. ಗಾಳಿ, ಮಡಕೆ, ಕೀಟಗಳ ಮೂಲಕ ಬಂದು ಸೇರುವ ಯೀಸ್ಟ್, ಮುಖ್ಯವಾಗಿ ಸ್ಯಾಕರೊಮೈಸಿಸ್ ಸೆರೆವಿಸಿಯೆ, ಕೆಲವೇ ಗಂಟೆಗಳಲ್ಲಿ ಅದನ್ನು ಕಳ್ಳಾಗಿಸುತ್ತದೆ. ಅದು ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಗ್ಲೂಕೋಸಿನ ಪ್ರತಿ ಅಣುವಿನಿಂದ ಎರಡು ಎಥನಾಲ್, ಎರಡು ಇಂಗಾಲದ ಡೈಆಕ್ಸೈಡ್ ಅಣುಗಳು ಹುಟ್ಟುತ್ತವೆ. ಎಥನಾಲ್ ಕುದಿಯುವುದು 78 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಬಾಣಲೆಯ ಬಿಸಿಗೆ ಅದು ಬಹುಪಾಲು ಆರಿಹೋಗುತ್ತದೆ. ಅಮಲೇರುವ ಆಸೆಯಿಂದ ಅಪ್ಪಂ ತಿನ್ನುವವರಿಗೆ ನಿರಾಶೆಯೇ ಗತಿ.

ಆದರೆ ಪಾಲಪ್ಪಂ ಹಿಟ್ಟಿನಲ್ಲಿ ಸಾಮಾನ್ಯವಾಗಿ ಉದ್ದಿಲ್ಲ, ಅಕ್ಕಿಯಲ್ಲಿ ಗೋಧಿಯ ಅಂಟೂ ಇಲ್ಲ. ಹಾಗಾದರೆ ಅನಿಲವನ್ನು ಹಿಡಿಯುವವರು ಯಾರು? ಉತ್ತರ ‘ಕಪ್ಪಿ’. ಸ್ವಲ್ಪ ಅಕ್ಕಿತರಿಯನ್ನು ನೀರಿನಲ್ಲಿ ಗಂಜಿಯಂತೆ ಕಾಯಿಸಿ, ಆರಿಸಿ ಹಿಟ್ಟಿಗೆ ಬೆರೆಸುತ್ತಾರೆ. ಬಿಸಿಗೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಗೋಂದಾಗುತ್ತವೆ. ದಪ್ಪಗಾದ ಹಿಟ್ಟಿನಲ್ಲಿ ಗುಳ್ಳೆಗಳು ಮೇಲೇರಿ ಒಡೆಯುವುದು ನಿಧಾನವಾಗುತ್ತದೆ. ಇಡೀ ಅಡುಗೆಯಲ್ಲಿ ನನಗೆ ಅತಿ ಜಾಣತನದ ಹೆಜ್ಜೆ ಎನಿಸುವುದು ಇದೇ. ಅಪ್ಪಂ ಹೊಯ್ಯುವ ಗುಂಡುತಳದ ಬಾಣಲೆ ಅಪ್ಪಚಟ್ಟಿಯನ್ನು ತಿರುಗಿಸಿದಾಗ ಅಂಚಿಗೆ ತೆಳುವಾಗಿ ಅಂಟಿದ ಹಿಟ್ಟು ಬೇಗ ಒಣಗಿ ಕಂದು ಜಾಲರಿಯಾಗುತ್ತದೆ, ನಡುವೆ ನಿಂತದ್ದು ಹಬೆಯಲ್ಲಿ ಬೆಂದು ಮೆತ್ತಗಾಗುತ್ತದೆ.

ಮಂಗಳೂರಿನ ಕ್ಯಾಥೊಲಿಕರು ಹಬ್ಬಕ್ಕೆ ಮಾಡುವ, ಇಡ್ಲಿಯಂತೆ ಹಬೆಯಲ್ಲಿ ಬೇಯಿಸುವ ಸಾನ್ನಾಂ ಕೂಡ ಕಳ್ಳಿನಿಂದಲೇ ಉಬ್ಬುತ್ತಿದ್ದ ತಿನಿಸು. ಕಳ್ಳು ಸಿಗದ ಊರುಗಳಲ್ಲಿ ಈಗ ಪೊಟ್ಟಣದ ಯೀಸ್ಟ್ ಬಂದಿದೆ. ಜೀವಿ ಅದೇ ಜಾತಿಯದು, ರುಚಿ ಅದೇ ಅಲ್ಲ. ಕಳ್ಳಿನಲ್ಲಿ ಯೀಸ್ಟಿನ ಜೊತೆ ಲ್ಯಾಕ್ಟಿಕ್ ಮತ್ತು ಅಸಿಟಿಕ್ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳೂ ಇರುತ್ತವೆ. ಅದಕ್ಕೇ ಕೆಲವರು ಎಳನೀರಿಗೆ ಸಕ್ಕರೆ ಹಾಕಿ ಒಂದು ರಾತ್ರಿ ಇಟ್ಟು, ಹುಳಿ ಬಂದ ಮೇಲೆ ಅದರಲ್ಲೇ ಹಿಟ್ಟು ರುಬ್ಬುತ್ತಾರೆ.